ಫ್ರೀ ಕಾರ್ಡ್ ಗೇಮಿಗೆ ತಿಂಗಳಿಗೆ ಎಷ್ಟು ಹಾಕಿದ್ರೆ ಜಾಸ್ತಿ ಅಂತ ಲೆಕ್ಕ?

ಡೊಂಬಿವಲಿ_ಫಾಸ್ಟ್:

ಎಲ್ಲರಿಗೂ ನಮಸ್ಕಾರ. ಮುಂಬೈ, ಪುಣೆ, ಗೋವಾ ಕಡೆ ಫೋನಲ್ಲಿ ಕಾರ್ಡ್ ಗೇಮ್ ಆಡುವ ಕನ್ನಡದವ್ರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಗೊತ್ತುಂಟು, ಹಾಗಾಗಿ ಇಲ್ಲೇ ಕೇಳ್ತಾ ಇದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಓದಿ ಹೇಳಿ.

ನಾನು ಉಡುಪಿ ಕಡೆಯವ, ಡೊಂಬಿವಲಿಯಲ್ಲಿ ಮನೆ, ಆಫೀಸು ಐರೋಳಿಯಲ್ಲಿ. ಬೆಳಿಗ್ಗೆ ಠಾಣೆವರೆಗೆ ಫೋನ್ ಕಿಸೆಯಿಂದ ತೆಗೀಲಿಕ್ಕೇ ಆಗುದಿಲ್ಲ, ಕೈ ಮೇಲೆ ಎತ್ತಿದ್ರೆ ಎತ್ತಿದ ಹಾಗೇ ಇರ್ಬೇಕು, ಅಷ್ಟು ರಶ್ ಇರ್ತದೆ. ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೈನಿನ ಟ್ರೈನ್ ಹತ್ತಿದ ಮೇಲೆ ಐರೋಳಿಗೆ ಮಧ್ಯೆ ದಿಘಾ ಒಂದೇ ಸ್ಟೇಶನ್, ಕರೆಕ್ಟಾಗಿ ಒಂದು ಮ್ಯಾಚ್ ಮುಗಿಯುವಷ್ಟು ಹೊತ್ತು. ಹಾಗೆ ಶುರುವಾದದ್ದು, ಈಗ 14 ತಿಂಗಳಾಯ್ತು. ಗೇಮಿನ ಹೆಸರು ಹೇಳುದಿಲ್ಲ, ಯಾಕಂದ್ರೆ ಆ ಗೇಮ್ ಒಳ್ಳೇದಾ ಕೆಟ್ಟದ್ದಾ ಅಂತ ಜಗಳ ಶುರುವಾದ್ರೆ ನನ್ನ ಪ್ರಶ್ನೆ ಅಲ್ಲೇ ಬಿದ್ದುಹೋಗ್ತದೆ.

ಮೊದಲ ಎರಡು ತಿಂಗಳು ಒಂದು ಪೈಸೆ ಹಾಕಲಿಲ್ಲ. ಆಮೇಲೆ ತಿಂಗಳ ಪಾಸ್ ತಗೊಂಡೆ, 899. ಅದು ಸರಿ ಅಂತ ಈಗಲೂ ಅನ್ನಿಸ್ತದೆ, ದಿನಾ ಆಡ್ತೇನೆ, ಖುಷಿ ಉಂಟು. ಆದ್ರೆ ಅದರ ಜೊತೆಗೆ ಬಂಡಲ್, ಅಂದ್ರೆ ಕಾರ್ಡ್ ಒಟ್ಟು ಕಟ್ಟಿ ಮಾರುದು, ಬರ್ತದಲ್ಲ, ಆವತ್ತು ಹೊಸ ಕಾರ್ಡ್ ಬಂದ ದಿನ ಸ್ಕ್ರೀನ್ ಮೇಲೆ ಮೂಲೆಯಲ್ಲಿ ಗಡಿಯಾರ ಓಡ್ತಾ ಇರ್ತದೆ, ಇನ್ನು 48 ನಿಮಿಷ, 47 ನಿಮಿಷ ಅಂತ, ಎದುರಿನವ ಅದೇ ಕಾರ್ಡ್ ಹಾಕಿ ನನ್ನನ್ನು ಎರಡು ಸಲ ಸೋಲಿಸಿರ್ತಾನೆ, ಆಗ ತಗೊಳ್ತೇನೆ. ಯುಪಿಐ ಪಿನ್ ಹಾಕ್ಲಿಕ್ಕೆ ನಾಲ್ಕು ಸೆಕೆಂಡ್ ಸಾಕು.

ಮೊನ್ನೆ ಆದಿತ್ಯವಾರ ಹೆಂಡತಿ ಮನೆ ಖರ್ಚು ಕೂಡಿಸ್ಲಿಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದ್ಲು. ಒಂದೇ ತಿಂಗಳಲ್ಲಿ ಐದು ಎಂಟ್ರಿ, ಒಟ್ಟು 4,295. ಅವಳು ಬೈಲಿಲ್ಲ. "ಇದೆಂತದ್ದು?" ಅಂತ ಕೇಳಿದ್ಲು, ಹೇಳಿದೆ. "ಕಾರ್ಡಿಗಾ? ಮುಟ್ಲಿಕ್ಕೆ ಸಿಗದ ಕಾರ್ಡಿಗೆ ನಾಲ್ಕು ಸಾವಿರವಾ?" ಅಂದ್ಲು, ಆಮೇಲೆ ಕೂಡಿಸುದು ಮುಂದುವರಿಸಿದ್ಲು. ಅದೇ ನಂಗೆ ಹೆಚ್ಚು ತಾಗಿದ್ದು.

ಅದೇ ದಿನ ರಾತ್ರಿ ಗೇಮಿನ ಗ್ರೂಪಲ್ಲಿ ಕೇಳಿದೆ. ಅಲ್ಲಿ ಎಲ್ಲ ಬೇರೆ ಬೇರೆ ದೇಶದವ್ರು, ಇದೆಲ್ಲ ಖರ್ಚೇ ಅಲ್ಲ, ನೀನು ಸಣ್ಣ ಮೀನು, ನಾವು ಹೊಸ ಕಾರ್ಡುಗಳ ಒಂದು ಸೆಟ್ಟಿಗೇ ಇದರ ಐದು ಪಟ್ಟು ಹಾಕ್ತೇವೆ ಅಂದ್ರು. ಈಗ ಯಾವ ಮಾತು ಹಿಡೀಬೇಕು ಹೇಳಿ. ಇಎಂಐ ಸರಿಯಾಗಿ ಹೋಗ್ತಾ ಉಂಟು, ಊರಿಗೆ ಅಮ್ಮನಿಗೆ ಕಳಿಸುದು ನಿಂತಿಲ್ಲ, ಸಾಲ ಮಾಡಿ ಆಡಿದ್ದಲ್ಲ. ತಿಂಗಳಿಗೆ ಸರಾಸರಿ ತೆಗೆದ್ರೆ 1,500 ಆಗಬಹುದು ಅಂತ ನನ್ನ ಅಂದಾಜು. ಇದು ಜಾಸ್ತಿಯಾ? ಎಷ್ಟಾದ್ರೆ ಜಾಸ್ತಿ ಅಂತ ನೀವೆಲ್ಲ ಲೆಕ್ಕ ಹಿಡಿತೀರಿ?

—

ಮಾಟುಂಗಾ_ಫಿಲ್ಟರ್‌ಕಾಫಿ:

ಒಂದು ರೂಪಾಯಿ ಹಾಕಿದರೂ ಜಾಸ್ತಿನೇ. ಇಸ್ಪೀಟು ಎಲೆ ಒಂದು ಕಟ್ಟು ತಂದರೆ ಹತ್ತು ವರ್ಷ ಆಡಬಹುದು. ನಮ್ಮ ತಂದೆ ಆಡಿದ ಕಟ್ಟು ಇನ್ನೂ ಮನೇಲಿದೆ.

—

ಕೋಥ್ರೂಡ್_ಧಾರವಾಡ:

ನಮಸ್ಕಾರ ಸರ. ಮ್ಯಾಲಿನವರು ದೊಡ್ಡವರ ಇರಬೇಕು, ಅವರ ಮಾತಿಗೆ ಎದುರ ಆಡಂಗಿಲ್ಲ, ಆದ್ರ ನೀವು ಕೇಳಿದ್ದಕ್ಕ ಅದು ಉತ್ತರ ಅಲ್ಲ. ನಾ 2015ರಿಂದ ಇವನ್ನೆಲ್ಲಾ ಆಡ್ಕೋತ ಬಂದೀನಿ, ಹುಬ್ಬಳ್ಳಿ ಹಾಸ್ಟೆಲ್‌ನ್ಯಾಗ ಇದ್ದಾಗಿಂದ, ಹಂಗಾಗಿ ನನಗ ತಿಳದಷ್ಟು ಹೇಳ್ತೀನಿ.

ಮೊದಲನೇದು, ಯಾವ ಗೇಮ್ ಅಂತ ನೋಡದ ರೂಪಾಯಿ ಲೆಕ್ಕ ಹೇಳಾಕ ಬರಂಗಿಲ್ರಿ. ಸಾವಿರ ರೂಪಾಯಿಗೆ ಒಂದ್ ಗೇಮಿನ್ಯಾಗ ತಿಂಗಳ ಪೂರ್ತಿ ಗೆಲ್ಲೂವಷ್ಟು ಸಾಮಾನು ಬರ್ತೈತಿ, ಇನ್ನೊಂದರಾಗ ಒಂದ್ ಡೆಕ್ಕಿನ, ಅಂದ್ರ ಆಡಾಕ ಆರಿಸಿಟ್ಟ ಕಾರ್ಡಿನ ಕಟ್ಟಿನ, ಕಾಲುಭಾಗನೂ ಆಗಂಗಿಲ್ಲ. ಡೆಕ್ಕಿಗೆ ಎಷ್ಟ್ ಕಾರ್ಡ್ ಬೇಕು, ಒಂದ್ ಕಾರ್ಡಿಂದು ಎಷ್ಟ್ ಕಾಪಿ ಬೇಕು, ಬ್ಯಾಡಾದ ಕಾರ್ಡ್ ಮುರದ್ರ ಏನ್ ವಾಪಸ್ ಬರ್ತೈತಿ, ಈ ಮೂರು ನೋಡ್ರಿ, ಎಲ್ಲಾ ಗೊತ್ತಾಗ್ತೈತಿ.

ಹಾರ್ತ್‌ಸ್ಟೋನ್ ತಗೋರಿ. 2014ರಾಗ ಬಂದಿದ್ದು. ಡೆಕ್ಕಿಗೆ 30 ಕಾರ್ಡ್, ಲೆಜೆಂಡರಿ (ಎಲ್ಲಾಕ್ಕಿಂತ ಅಪರೂಪದ ಕಾರ್ಡ್) ಆದ್ರ ಒಂದ ಕಾಪಿ. ಬ್ಯಾಡಾಗಿದ್ದು ಮುರದು ಡಸ್ಟ್ ಮಾಡ್ಕೋಬಹುದು, ಆದ್ರ ಒಂದ್ ಲೆಜೆಂಡರಿ ಮುರದ್ರ 400 ಡಸ್ಟ್, ಹೊಸಾದ್ ಒಂದ್ ಮಾಡಾಕ 1,600. ಅಂದ್ರ ನಾಕ್ ಮುರದ್ರ ಒಂದು. ಪ್ಯಾಕ್ ಅಂದ್ರ ಒಳಗ ಯಾವ ಕಾರ್ಡ್ ಅದಾವ ಅಂತ ಗೊತ್ತಿಲ್ಲದ ಕಟ್ಟು, 40 ಪ್ಯಾಕ್ ಒಳಗ ಒಂದ್ ಲೆಜೆಂಡರಿ ಬಂದ ಬರ್ತೈತಿ ಅನ್ನೂ ಗ್ಯಾರಂಟಿನೂ ಐತಿ. ವರ್ಷಕ್ಕ ಮೂರ್ ದೊಡ್ಡ ಸೆಟ್ ಬರ್ತಾವ, ಸೆಟ್ ಬರೂಕಿಂತ ಮೊದಲ 50 ಡಾಲರ್‌ದೊಂದು 80 ಡಾಲರ್‌ದೊಂದು ಬಂಡಲ್ ಇಡ್ತಾ ಬಂದಾರ. ದೊಡ್ಡದ ಮೂರೂ ಸಲ ತಗೊಂಡ್ರ ವರ್ಷಕ್ಕ 240 ಡಾಲರ್, ಇಪ್ಪತ್ತ್ ಸಾವಿರ ರೂಪಾಯಿ ದಾಟ್ತು. ಅಷ್ಟ್ ಹಾಕಿದ್ರೂ ಪೂರಾ ಸೆಟ್ ಕೈಗೆ ಬರಂಗಿಲ್ಲ.

ಮ್ಯಾಜಿಕ್ ಅರೀನಾ ಇನ್ನೂ ಬ್ಯಾರೆ. ಅಲ್ಲಿ 60 ಕಾರ್ಡಿನ ಡೆಕ್ಕು, ಒಂದ ಕಾರ್ಡ್ ನಾಕ್ ಕಾಪಿ ತನಕಾ ಹಾಕಬಹುದು, ಒಳ್ಳೆ ಡೆಕ್ಕಿನ್ಯಾಗ ಬ್ಯಾರೆ ಕಾರ್ಡ್ ಆಡಾಕ ಶಕ್ತಿ ಕೊಡೂ ಲ್ಯಾಂಡ್ ಕಾರ್ಡ್ ಸುದ್ದಾ ರೇರ್, ಅಂದ್ರ ಅಪರೂಪದ್ದು, ಇರ್ತಾವ. ಮುರದು ಡಸ್ಟ್ ಮಾಡೂ ಪದ್ಧತಿನ ಇಲ್ಲ, ವೈಲ್ಡ್‌ಕಾರ್ಡ್ ಅಂತ ಇರ್ತಾವ, ಅದನ್ನ ಕೊಟ್ಟು ಬೇಕಾದ ಕಾರ್ಡ್ ತಗೋಬೇಕು. 90 ಪ್ಯಾಕಿಗೆ 18,000 ಜೆಮ್ಸ್ (ಗೇಮಿನೊಳಗಿನ ರೊಕ್ಕ), 20,000 ಜೆಮ್ಸಿಗೆ ಹತ್ರಹತ್ರ 100 ಡಾಲರ್. ಆ 90 ಪ್ಯಾಕ್ ಒಡದ್ರ, ಒಡದಂಗೆಲ್ಲಾ ತುಂಬೂ ಮೀಟರ್‌ನಿಂದ ಬರೂ ದೊಡ್ಡ ವೈಲ್ಡ್‌ಕಾರ್ಡ್ ಒಟ್ಟ 15, ರೇರ್ 12, ಅದಕ್ಕೂ ಅಪರೂಪದ ಮಿಥಿಕ್ 3. ಪ್ಯಾಕಿನೊಳಗ ನಸೀಬ ಇದ್ದಂಗ ಬೀಳೂವು ಬ್ಯಾರೆ. 12 ರೇರ್ ಅಂದ್ರ ನಾಕ್ ನಾಕ್ ಕಾಪಿ ಲೆಕ್ಕದಾಗ ಮೂರ ಕಾರ್ಡ್ ಆತು ನೋಡ್ರಿ! ಎಂಟೊಂಬತ್ ಸಾವಿರ ರೂಪಾಯಿಗೆ ಬಾಯಿ ಬಿಟ್ಟ್ ಕೇಳಿ ತಗೊಳ್ಳಾಕ ಬಂದಿದ್ದು ಮೂರ್ ಕಾರ್ಡು.

ಮಾರ್ವೆಲ್ ಸ್ನ್ಯಾಪ್ 2022ರ ಅಕ್ಟೋಬರ್‌ದಾಗ ಬಂತು, 12 ಕಾರ್ಡ್ ಡೆಕ್ಕು, ಎಲ್ಲಾ ಒಂದೊಂದ ಕಾಪಿ, ಶುರುವಾದಾಗ ಪ್ಯಾಕ್ ಅನ್ನೂದ ಇರಲಿಲ್ಲ. ಅಲ್ಲಿ 10 ಡಾಲರ್ ಸೀಸನ್ ಪಾಸ್ ತಗೊಂಡವ ಆ ತಿಂಗಳ ಒಂದ್ ಹೊಸಾ ಕಾರ್ಡ್ ಖಾತ್ರಿಲೆ ಮನಿಗೆ ತರ್ತಾನ.

ಹಂಗಾಗಿ ನಾ ಮಾಡ್ಕೊಂಡ ಲೆಕ್ಕ ಹೇಳ್ತೀನಿ. ಬರೇ ತಿಂಗಳ ಪಾಸ್ ತಗೊಳ್ಳಾಂವ ಕಡಿಮಿ ಖರ್ಚಿನಾಂವ. ಒಂದೋ ಎರಡೋ ಡೆಕ್ ಚಲೋ ಇಟ್ಕೊಳ್ಳಾಕ ಆಗಾಗ ಹಾಕಾಂವ ಮಧ್ಯಮ. ಹೊಸಾ ಸೆಟ್ ಬಂದ ಮೊದಲನೇ ದಿನಾನ ಎಲ್ಲಾ ಕಾರ್ಡ್ ನನ್ ಹತ್ರ ಇರಬೇಕು ಅನ್ನಾಂವ ಯಾವ ಗೇಮಿನ್ಯಾಗಾದ್ರೂ ಹೆವಿ ಸ್ಪೆಂಡರ್‌ರೀ, ಅಂವ ಎಷ್ಟ್ ರೂಪಾಯಿ ಹಾಕಿದ ಅನ್ನೂದು ಆಮ್ಯಾಲಿನ ಮಾತು. ನಿಮ್ಮ ಬಂಡಲ್ ಕಥಿ ಕೇಳಿದ್ರ ನೀವು ಮಧ್ಯಮ ಅಂತ ಅನಸ್ತೈತಿ, ಆದ್ರ ಮಧ್ಯಮದ ಮ್ಯಾಲಿನ ಮೆಟ್ಟಲ ಮ್ಯಾಲ ನಿಂತೀರಿ.

ಇನ್ನೊಂದು ಮಾತು, ಇದನ್ನ ಯಾರೂ ಹೇಳಂಗಿಲ್ಲ. ಕಾರ್ಡ್ ಗೇಮಿನ್ಯಾಗ ನಾವು ಕಾರ್ಡ್ ಕೊಳ್ಳಂಗಿಲ್ರಿ, ಬಾಡಿಗಿ ಕಟ್ತೀವಿ. ಹಾರ್ತ್‌ಸ್ಟೋನ್ ಸ್ಟ್ಯಾಂಡರ್ಡ್‌ದಾಗ, ಅಂದ್ರ ಹೊಸಾ ಸೆಟ್ ಅಷ್ಟ ನಡಿಯೂ ಆಟದಾಗ, ವರ್ಷಾ ಹಳೇ ಸೆಟ್ ಹೊರಗ ಹೋಗ್ತಾವ. ಮ್ಯಾಜಿಕ್ ಸ್ಟ್ಯಾಂಡರ್ಡ್‌ದಾಗ ಒಂದ್ ಸೆಟ್ ಮೊದಲ ಎರಡ್ ವರ್ಷ ನಡೀತಿತ್ತು, 2023ರಾಗ ಮೂರ್ ವರ್ಷ ಮಾಡಿದ್ರು. ಕಾರ್ಡ್ ನಿಮ್ಮ ಖಾತೆದಾಗ ಇರ್ತಾವ ಖರೆ, ಆದ್ರ ಎಲ್ಲಾರೂ ಆಡೂ ಜಾಗಾದಾಗ ನಡಿಯಂಗಿಲ್ಲ. ಬಾಡಿಗಿ ಅಂತ ತಿಳಕೊಂಡ್ರ ತಿಂಗಳಿಗೆ ಇಷ್ಟ ಅಂತ ಮೊದಲ ಮಾತಾಡಿಕೊಂಡು ಕಟ್ಟತೀರಿ, ಮಾಲಕ ರಾತ್ರಿ ಹನ್ನೊಂದಕ್ಕ ಬಾಗಲ ಬಡದು ಇನ್ನಷ್ಟು ಕೊಡು ಅಂದ್ರ ಕೊಡಂಗಿಲ್ಲ.

ಕಡೀಕ ಒಂದ್ ಕೆಲಸ ಮಾಡ್ರಿ. 1,500 ಅನ್ನೂದು ನಿಮ್ಮ ಅಂದಾಜು. ಪ್ಲೇ ಸ್ಟೋರ್‌ದಾಗ ನಿಮ್ಮ ಫೋಟೋ ಒತ್ತಿ ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್, ಅದರಾಗ ಬಜೆಟ್ ಅಂಡ್ ಹಿಸ್ಟರಿ ಅಂತ ಐತಿ, ಎಲ್ಲಾ ಬರದಿರ್ತೈತಿ. ಕೂಡಿಸಿ ಬಂದು ಹೇಳ್ರಿ.

—

ಎರಂಡವಣೆ_ಪೀಜಿ:

ನಾನು ಮೈಸೂರಿನವಳು, ಪುಣೆಗೆ ಎಂಎಸ್ಸಿ ಮಾಡೋಕೆ ಬಂದಿದೀನಿ, ನನ್ನ ಕೈಲಿ ಪಾಕೆಟ್ ಮನಿ ಬಿಟ್ರೆ ಬೇರೆ ದುಡ್ಡಿಲ್ಲ, ಅದಕ್ಕೆ ಒಂದು ರೂಪಾಯಿನೂ ಹಾಕದೆ ಆಡ್ತೀನಿ. ಪೋಕೆಮಾನ್ ಪಾಕೆಟ್, 2024ರ ಅಕ್ಟೋಬರ್ ಕೊನೇಲಿ ಬಂತಲ್ಲ ಅದು. 12 ಗಂಟೆಗೊಂದು ಪ್ಯಾಕ್ ಫ್ರೀ, ದಿನಕ್ಕೆ ಎರಡು. ಒಂದು ಪ್ಯಾಕಿಗೆ 5 ಪಾಯಿಂಟ್ ಸಿಗುತ್ತೆ, ಎಲ್ಲಕ್ಕಿಂತ ದುಬಾರಿ ಕಾರ್ಡ್ ಪಾಯಿಂಟ್ ಕೊಟ್ಟು ತಗೋಬೇಕು ಅಂದ್ರೆ 2,500. ಅಂದ್ರೆ 500 ಪ್ಯಾಕ್, ದಿನಕ್ಕೆ ಎರಡರ ಹಾಗೆ 250 ದಿನ. ಅಷ್ಟ್ರಲ್ಲಿ ಎಷ್ಟೋ ಹೊಸ ಸೆಟ್ ಬಂದು ಹೋಗಿರುತ್ತೆ, ಒಂದು ಸೆಟ್ಟಿನ ಪಾಯಿಂಟ್ ಇನ್ನೊಂದಕ್ಕೆ ಆಗಲ್ಲ. ಆ ಕಾರ್ಡ್ ನಂಗೆ ಸಿಗಲ್ಲ ಅಂತ ಗೊತ್ತು, ಬೇಜಾರಿಲ್ಲ, ಡೆಕ್ಕಿಗೆ 20 ಕಾರ್ಡ್ ಸಾಕು, ಆಡೋಕೆ ಬೇಕಾಗಿರೋದು ಚಂದದ ಚಿತ್ರ ಇರೋ ಕಾರ್ಡ್ ಅಲ್ಲ, ಅದೇ ಕಾರ್ಡಿನ ಸಾದಾ ಚಿತ್ರನೂ ಅಷ್ಟೇ ಕೆಲಸ ಮಾಡುತ್ತೆ.

ಆದ್ರೆ ನಾನು ಹೇಳೋಕೆ ಬಂದಿದ್ದು ಬೇರೆ. ದುಡ್ಡು ಹಾಕೋರನ್ನ ಬೈಯೋದು ನಂಗೆ ಸರಿ ಅನ್ಸಲ್ಲ ಕಣ್ರೀ. ಲೆಜೆಂಡ್ಸ್ ಆಫ್ ರೂನೆಟೆರಾ ಅಂತ ಒಂದು ಗೇಮ್ ಇತ್ತು, ಇದೆ ಈಗಲೂ, 2020ರಲ್ಲಿ ಬಂತು, ನಾನು ಪಿಯುಸಿಲಿದ್ದಾಗ ಅದನ್ನೇ ಆಡ್ತಿದ್ದೆ. ಅಷ್ಟು ಧಾರಾಳವಾಗಿ ಕಾರ್ಡ್ ಕೊಡ್ತಿದ್ದ ಗೇಮ್ ನಾನಂತೂ ಇನ್ನೊಂದು ನೋಡಿಲ್ಲ, ವಾರಕ್ಕೊಂದು ಪೆಟ್ಟಿಗೆ ತುಂಬಾ ಕಾರ್ಡು, ದುಡ್ಡಿಲ್ಲದೆ ಎಲ್ಲಾ ಡೆಕ್ ಕಟ್ಟಬಹುದಿತ್ತು. 2024ರ ಜನವರೀಲಿ ರಾಯಟ್ ಕಂಪನಿ ಕೆಲಸದವರನ್ನ ತೆಗೆದಾಗ ಈ ಗೇಮಿನ ತಂಡನೂ ಸಣ್ಣದಾಯ್ತು, ಖರ್ಚಿನಷ್ಟು ದುಡ್ಡು ಬರ್ತಿಲ್ಲ ಅಂತ ಅವರೇ ಹೇಳಿದ್ರು, ಇನ್ಮೇಲೆ ಒಬ್ಬರೇ ಆಡೋ ಭಾಗದ ಕಡೆಗೇ ಗಮನ ಅಂದ್ರು. ಆವತ್ತು ನಂಗೆ ನಿಜವಾಗ್ಲೂ ಅಳು ಬಂತು. ಆಗ ಅರ್ಥ ಆಯ್ತು, ನಾನು ಫ್ರೀಯಾಗಿ ಆಡ್ತೀನಿ ಅಂದ್ರೆ ಯಾರೋ ಒಬ್ರು ನನ್ನ ಪಾಲಿಂದೂ ಸೇರಿಸಿ ಕೊಡ್ತಿದಾರೆ ಅಂತ. ಯಾರೂ ಕೊಡದಿದ್ರೆ ಗೇಮ್ ಇರಲ್ಲ.

ಅದಕ್ಕೆ ಸರ್, ನೀವು ಪಾಸ್ ತಗೊಳೋದು ನಿಲ್ಲಿಸ್ಬೇಡಿ ಅಂತಾನೇ ಹೇಳ್ತೀನಿ. ಬಂಡಲ್ ವಿಷಯ ನಂಗೆ ಗೊತ್ತಿಲ್ಲ.

—

ಮಾಂಡವಿ_ದಡ:

ನಾನು ಕಾರವಾರದವ, ಪಣಜಿಯಲ್ಲಿ ಕೆಲಸ, ನದಿಯ ಆಚೆ ಬದಿ ರೂಮು. ದಿನಾ ಬೆತಿಂ ಫೆರಿಯಲ್ಲಿ ದಾಟೂದು. ರಾತ್ರಿ ವಾಪಸ್ ಬರುವಾಗ ಮಾಂಡವಿಯಲ್ಲಿ ಕ್ಯಾಸಿನೋ ಹಡಗು ಸಾಲಾಗಿ ದೀಪ ಹಾಕ್ಕೊಂಡು ನಿಂತಿರ್ತವೆ, ನೀರೆಲ್ಲ ಕೆಂಪು ನೀಲಿ ಆಗ್ತದೆ. ಇದನ್ನು ಯಾಕೆ ಹೇಳ್ತಾ ಇದ್ದೇನೆ ಅಂದ್ರೆ, ನಿಮ್ಮ ಗ್ರೂಪಿನವ್ರು ಸಣ್ಣ ಮೀನು ಅಂದ್ರಲ್ಲ, ಆ ಮಾತು ಬಂದದ್ದು ಅಲ್ಲಿಂದ. ದೊಡ್ಡ ದುಡ್ಡು ಹಾಕುವವನಿಗೆ ಕ್ಯಾಸಿನೋದವ್ರು ವೇಲ್ ಅಂತಾರೆ, ತಿಮಿಂಗಿಲ. ಗೇಮ್ ಕಂಪನಿಗಳು ಅದನ್ನೇ ತಂದು ಮಧ್ಯಮದವನಿಗೆ ಡಾಲ್ಫಿನ್, ಸ್ವಲ್ಪ ಹಾಕುವವನಿಗೆ ಮಿನ್ನೋ ಅಂತ ಸೇರಿಸಿದ್ವು. ಇದು ಅಂಗಡಿಯವ ಗಿರಾಕಿಗೆ ಇಟ್ಟ ಹೆಸರು. ಅವನ ಲಾಭದ ಪಟ್ಟಿಯಲ್ಲಿ ನೀವು ಎಲ್ಲಿದ್ದೀರಿ ಅಂತ ಹೇಳೂದು ಅದು, ನಿಮ್ಮ ಮನೆಯ ಪಟ್ಟಿಯಲ್ಲಿ ಎಲ್ಲಿ ಅಂತ ಅಲ್ಲ. ಡಾಲರ್‌ನಲ್ಲಿ ಸಂಬಳ ತಗೊಳ್ಳುವವ ಇದು ಖರ್ಚೇ ಅಲ್ಲ ಅಂತ ಹೇಳಿದ್ರೆ ಅವನಿಗೆ ಖರ್ಚಲ್ಲ, ಡೊಂಬಿವಲಿಯಲ್ಲಿ ಇಎಂಐ ಕಟ್ಟುವವನಿಗೆ ಅವನ ಮಾತು ಹತ್ತೂದಿಲ್ಲ.

ಕ್ಯಾಸಿನೋ ಒಳಗೆ ನೋಟು ಆಡೂದಿಲ್ಲ, ಮೊದಲು ಚಿಪ್ಸ್ ಮಾಡ್ಕೊಳ್ಬೇಕು. ಚಿಪ್ಸ್ ಕೈಗೆ ಬಂದ ಮೇಲೆ ಅದು ದುಡ್ಡು ಅನ್ನಿಸೂದೇ ಇಲ್ಲ. ಜೆಮ್ಸ್ ಕೂಡ ಹಾಗೇ. 600 ಜೆಮ್ಸ್ ಅಂದ್ರೆ ಎಷ್ಟು ರೂಪಾಯಿ ಅಂತ ಆಡುವಾಗ ಯಾರ ತಲೆಯಲ್ಲೂ ಬರೂದಿಲ್ಲ. ಮತ್ತೆ ಗಮನಿಸಿ, ಮಾರುವ ಜೆಮ್ಸಿನ ಕಟ್ಟಿಗೂ ಕೊಳ್ಳುವ ವಸ್ತುವಿನ ಬೆಲೆಗೂ ಹೊಂದಾಣಿಕೆ ಆಗದ ಹಾಗೆ ಇಟ್ಟಿರ್ತಾರೆ, 120 ಜೆಮ್ಸ್ ಖಾತೆಯಲ್ಲಿ ಉಳಿದೇ ಉಳೀತದೆ, ಅದು ವ್ಯರ್ಥ ಆಗ್ಬಾರ್ದು ಅಂತ ಇನ್ನೊಂದು ಕಟ್ಟು ತಗೊಳ್ತೇವೆ. ನನ್ನ ಖಾತೆಯಲ್ಲಿ ಎರಡು ವರ್ಷ ಒಂದು ದಿನವೂ ಸೊನ್ನೆ ಅಂತ ಇರ್ಲಿಲ್ಲ.

ಇದರ ಮೇಲೆ ಸರ್ಕಾರಗಳೂ ಕಣ್ಣಿಟ್ಟಿವೆ. ದುಡ್ಡು ಕೊಟ್ಟು ಒಳಗೇನಿದೆ ಗೊತ್ತಿಲ್ಲದ ಪೆಟ್ಟಿಗೆ ಒಡೆಯೂದು ಜೂಜು ಅಂತ ಬೆಲ್ಜಿಯಂ 2018ರಲ್ಲೇ ಹೇಳ್ತು. 2017ರ ಕೊನೆಗೆ ಆಪಲ್, ಇಂಥ ಪೆಟ್ಟಿಗೆ ಮಾರುವ ಆ್ಯಪ್‌ಗಳು ಯಾವುದು ಬೀಳ್ಲಿಕ್ಕೆ ಎಷ್ಟು ಸಾಧ್ಯತೆ ಅಂತ ಕೊಳ್ಳುವ ಮೊದಲೇ ತೋರಿಸ್ಬೇಕು ಅಂತ ನಿಯಮ ಮಾಡ್ತು. ಶೇಕಡಾ ಎಷ್ಟು ಅಂತ ಬರೆದಿರ್ತದೆ, ಒಂದು ಸಣ್ಣ ಐ ಅಕ್ಷರ ಒತ್ತಿದ್ರೆ ಸಿಗ್ತದೆ, ನಾವು ಒತ್ತೂದಿಲ್ಲ.

ಈಗ ನಿಮ್ಮ ಪ್ರಶ್ನೆ. ಕೋಥ್ರೂಡಿನವ್ರು ಹೇಳಿದ ಲೆಕ್ಕ ಒಳ್ಳೇದು, ಆದ್ರೆ ನನ್ನ ಪ್ರಕಾರ ಎಷ್ಟು ಹಾಕಿದ್ರಿ ಅನ್ನೂದಕ್ಕಿಂತ ಯಾವಾಗ ಹಾಕಿದ್ರಿ ಅನ್ನೂದು ನೋಡ್ಬೇಕು. ನನ್ನದೇ ಹೇಳ್ತೇನೆ. ಎರಡು ವರ್ಷದ ರಸೀದಿ ತೆಗೆದು ಪಕ್ಕದಲ್ಲೇ ಗೇಮಿನ ಮ್ಯಾಚ್ ಹಿಸ್ಟರಿ ಇಟ್ಟು ನೋಡಿದೆ, ಅದು ತೋರಿಸುವಷ್ಟು ಹಿಂದಕ್ಕೆ. ಸಂಬಳದ ದಿನ ಕೂತು ಯೋಚಿಸಿ ತಗೊಂಡದ್ದು ಎರಡೇ ಎರಡು. ಉಳಿದದ್ದೆಲ್ಲ ಸಾಲಾಗಿ ಮೂರು, ನಾಲ್ಕು ಮ್ಯಾಚ್ ಸೋತ ಮೇಲೆ, ಹತ್ತು ನಿಮಿಷದ ಒಳಗೆ. ಸೋತ ಸಿಟ್ಟಲ್ಲಿ ತಗೊಂಡ 400 ರೂಪಾಯಿಯೂ ಜಾಸ್ತಿಯೇ, ಮೊದಲೇ ಯೋಚಿಸಿ ತಗೊಂಡ 2,000 ಜಾಸ್ತಿ ಅಲ್ಲದೆ ಇರಬಹುದು. ನಿಮ್ಮದು ಎರಡು ಸಲ ಸೋತ ಮೇಲೆ ತಗೊಳ್ತೇನೆ ಅಂತ ನೀವೇ ಬರೆದಿದ್ದೀರಿ, ಅದನ್ನು ಓದಿಯೇ ನಾನು ಉತ್ತರ ಬರೀಲಿಕ್ಕೆ ಕೂತದ್ದು.

—

ಮಾಟುಂಗಾ_ಫಿಲ್ಟರ್‌ಕಾಫಿ:

ಮೇಲೆ ಒರಟಾಗಿ ಬರೆದುಬಿಟ್ಟೆ, ತಪ್ಪು ತಿಳ್ಕೋಬೇಡಿ. ನನಗೆ ಸಂಕಟ ಆಗೋಕೆ ಕಾರಣ ಇದೆ. ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗ ಫೋನಲ್ಲಿ ರಮ್ಮಿ ಆಡಿ ಮನೆಯ ಬಂಗಾರ ಅಡ ಇಡೋವರೆಗೆ ಹೋದ. ಒಂದು ಮಾತು ಕೇಳ್ತೀನಿ, 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಎಲ್ಲಾ ಬಂದ್ ಮಾಡಿ ಕಾನೂನು ತಂತಲ್ಲ, ರಾಷ್ಟ್ರಪತಿ ಸಹಿನೂ ಆಯ್ತು, ಮತ್ತೆ ಇದು ಹೇಗೆ ನಡೀತಿದೆ? ಇದರಲ್ಲೂ ದುಡ್ಡು ಹೋಗ್ತಿದೆಯಲ್ಲ?

—

ಕೋಥ್ರೂಡ್_ಧಾರವಾಡ:

ತಪ್ಪೇನಿಲ್ಲ ಕಾಕಾ, ನೀವ್ ಕೇಳಿದ್ದು ಬರೋಬ್ಬರಿ ಐತಿ. ಆ ಕಾನೂನು ಆಟಗೋಳನ್ನ ಬ್ಯಾರೆ ಬ್ಯಾರೆ ಮಾಡತೈತಿ. ದುಡ್ಡು ಕಟ್ಟಿ, ಗೆದ್ರ ದುಡ್ಡ ವಾಪಸ್ ಬರ್ತೈತಿ ಅನ್ನೂ ಆಸೆದಾಗ ಆಡೂವು ಮನಿ ಗೇಮ್, ಅವು ಬಂದ್. ಈ ಕಾರ್ಡ್ ಗೇಮಿನ್ಯಾಗ ಗೆದ್ರ ರೂಪಾಯಿ ಹೊರಗ ಬರಂಗಿಲ್ಲ, ಚಂದಾ ಕಟ್ಟಿ ಆಡಿದಂಗ ಇದು. ಅದಕ್ಕ ಬ್ಯಾರೆ ಸಾಲಿನ್ಯಾಗ ಬರ್ತೈತಿ. ಆದ್ರ ನಿಮ್ಮ ಹೆದರಿಕಿ ಸುಳ್ಳಲ್ಲ. ರಮ್ಮಿಯಾಗ ಸೋತ್ರ ದುಡ್ಡು ಹೋತು ಅಂತ ಕಣ್ಣಿಗೆ ಕಾಣ್ತೈತಿ. ಇಲ್ಲಿ ಕೈಯಾಗ ಒಂದ್ ಕಾರ್ಡ್ ಕೊಟ್ಟಿರ್ತಾರ, ಹೊಳೀತಿರ್ತೈತಿ, ಹಂಗಾಗಿ ಹೋಗಿದ್ದು ಗೊತ್ತಾಗಂಗಿಲ್ಲ.

—

ಡೊಂಬಿವಲಿ_ಫಾಸ್ಟ್:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ ಮೇಲೆ ಕೂತು ಎಲ್ಲ ತೆಗೆದೆ. ಹೆಂಡತಿಯೂ ಪಕ್ಕದಲ್ಲಿ ಕೂತ್ಲು, ಅವಳು ಓದಿದ್ದು, ನಾನು ಬರ್ದದ್ದು.

ತಿಂಗಳಿಗೆ 1,500 ಅಂತ ಹೇಳಿದ್ದೆ ಅಲ್ವಾ. ಅದು ತಪ್ಪು. ಪಾಸ್ 12 ತಿಂಗಳಿನದ್ದು 10,788. ಬಂಡಲ್ 37, ಅದರದ್ದು 30,672. ಒಟ್ರಾಶಿ 41,460. ತಿಂಗಳಿಗೆ ಸುಮಾರು 3,455 ಬಿತ್ತು. ನಾನು ಸುಳ್ಳು ಹೇಳಿದ್ದಲ್ಲ ಮಾರಾಯ್ರೆ, ನಿಜವಾಗಿ 1,500 ಅಂತಲೇ ನಂಬಿದ್ದೆ. ಅರ್ಧಕ್ಕಿಂತ ಹೆಚ್ಚು ನನ್ನ ತಲೆಯಲ್ಲಿ ಇರಲೇ ಇಲ್ಲ. ಪಾಸಿನ 899 ಪ್ರತಿ ತಿಂಗಳು ನೆನಪುಂಟು, ಬಂಡಲಿನದ್ದು ಒಂದೂ ನೆನಪಿಲ್ಲ.

ಗೋವಾದವ್ರು ಹೇಳಿದ ಹಾಗೆ ಟೈಮ್ ಕೂಡ ನೋಡಿದೆ. ರಸೀದಿಯ ಈಮೇಲಲ್ಲಿ ಇರ್ತದೆ. 37ರಲ್ಲಿ 26 ರಾತ್ರಿ 10 ಗಂಟೆ ಆದ ಮೇಲಿನದ್ದು. ಬೆಳಿಗ್ಗೆ ಟ್ರೈನಲ್ಲಿ ಆಡುವಾಗ ತಗೊಂಡದ್ದು ಒಂದೂ ಇಲ್ಲ. ಠಾಣೆಯಿಂದ ಐರೋಳಿಯ ಆ ಒಂದು ಮ್ಯಾಚ್ ನಂಗೆ ನಿಜವಾಗಿ ಇಷ್ಟ ಇದ್ದದ್ದು, ಅದಕ್ಕೆ ಈ 14 ತಿಂಗಳಲ್ಲಿ ಪಾಸ್ ಬಿಟ್ಟು ಬೇರೆ ಒಂದು ಪೈಸೆಯೂ ಬೇಕಾಗಲಿಲ್ಲ. ಇದನ್ನು ಕಂಡು ನಾನು ಸುಮಾರು ಹೊತ್ತು ಸುಮ್ಮನೆ ಕೂತೆ.

ಆಮೇಲೆ ಅವಳೇ ಒಂದು ಕೇಳಿದ್ಲು, "ಈ 37ರಲ್ಲಿ ಬಂದ ಕಾರ್ಡ್ ಈಗ ಎಷ್ಟು ಆಡ್ತೀರಿ?" ಒಂದೊಂದು ಬಂಡಲಿಗೆ ಒಂದು ಮುಖ್ಯ ಕಾರ್ಡ್ ಇರ್ತದೆ, ಅದಕ್ಕೇ ತಗೊಳ್ಳುದು. ಡೆಕ್ ತೆಗೆದು ಅವಳಿಗೆ ತೋರಿಸ್ತಾ ಎಣಿಸಿದೆ. ಈಗ ಆಡುವ ಮೂರು ಡೆಕ್ ಸೇರಿಸಿ 9. ಉಳಿದ 28ರಲ್ಲಿ ಕೆಲವಕ್ಕೆ ಎಂತ ಪವರ್ ಅಂತ ಓದಿ ನೋಡ್ಬೇಕಾಯ್ತು.

ಕೋಥ್ರೂಡಿನವ್ರೆ, ನಿಮ್ಮ ಲೆಕ್ಕದಲ್ಲಿ ನಾನು ಮಧ್ಯಮ ಅಂದ್ರಿ, ಆದ್ರೆ ವರ್ಷಕ್ಕೆ 41,000 ಅಂದ್ರೆ ನೀವು ಹೇಳಿದ ಆ ಮೂರು ದೊಡ್ಡ ಬಂಡಲಿನ ಎರಡು ಪಟ್ಟು. ನನ್ನ ಸಂಬಳಕ್ಕೆ ಇದು ಹೆವಿಯೇ. ಗ್ರೂಪಿನವ್ರು ಎಂತ ಬೇಕಾದ್ರೂ ಹೇಳ್ಲಿ.

—

ಕೋಥ್ರೂಡ್_ಧಾರವಾಡ:

ಕೂಡಿಸಿ ನೋಡಿದ್ರಲ್ಲ, ಅದು ದೊಡ್ಡ ಕೆಲಸ ಸರ. ನನ್ನ ಮಾತು ನಾನ ತಿದ್ದಕೊಂತೀನಿ, 1,500 ನಂಬಿ ಹೇಳಿದ್ದೆ. ಒಂದ್ ಗಮನ ಇರಲಿ, ಪ್ಲೇ ಸ್ಟೋರ್‌ದಾಗ ತಿಂಗಳ ಬಜೆಟ್ ಹಾಕಾಕ ಬರ್ತೈತಿ, ಆದ್ರ ಅದು ಬರೇ ಎಚ್ಚರಿಕಿ ತೋರಸ್ತೈತಿ, ತಡಿಯಂಗಿಲ್ಲ. ಯುಪಿಐನ ಅಲ್ಲಿಂದ ತಗದು ಬಿಡ್ರಿ, ಪಾಸಿಗೆ ಬೇಕಾದಷ್ಟ ಗಿಫ್ಟ್ ಕೋಡ್ ತಗೊಂಡು ಹಾಕ್ರಿ. ರಾತ್ರಿ ಹನ್ನೊಂದಕ್ಕ ಕೈ ಹೋತು ಅಂದ್ರೂ ಅಲ್ಲಿ ರೊಕ್ಕ ಇರಬಾರದು.

—

ಎರಂಡವಣೆ_ಪೀಜಿ:

ಆ 9 ಕಾರ್ಡ್ ಆದ್ರೂ ಇಷ್ಟಪಟ್ಟು ಆಡ್ತಿದೀರಲ್ಲ ಸರ್. ಅದನ್ನ ಮಾತ್ರ ಬಿಡ್ಬೇಡಿ.

—

ಡೊಂಬಿವಲಿ_ಫಾಸ್ಟ್:

ಬಿಡುದಿಲ್ಲ. ಯುಪಿಐ ತೆಗೆದೆ, ಗಿಫ್ಟ್ ಕೋಡಿನ ಐಡಿಯಾ ಒಳ್ಳೇದುಂಟು, ಒಂದನೇ ತಾರೀಕಿಗೆ ಅವಳೇ ತಂದು ಕೊಡ್ತಾಳಂತೆ. ನಮ್ಮಲ್ಲಿ ಅಡುಗೆಮನೆ ಗೋಡೆಯಲ್ಲಿ ಕಾಲನಿರ್ಣಯ ಕ್ಯಾಲೆಂಡರ್ ಉಂಟು, ಹಾಲು ಎಷ್ಟು ಪ್ಯಾಕೆಟ್, ಪೇಪರಿನವ, ಇಸ್ತ್ರಿಯವ ಎಲ್ಲ ಅದರ ಚೌಕದಲ್ಲಿ ಪೆನ್ಸಿಲಲ್ಲಿ ಬರ್ದಿರ್ತದೆ. ಈ ತಿಂಗಳ ಒಂದನೇ ಚೌಕದಲ್ಲಿ ಹಾಲಿನ ಕೆಳಗೆ ಅವಳು 899 ಅಂತ ಬರೆದು ಪಕ್ಕದಲ್ಲಿ ಸಣ್ಣದಾಗಿ ಕಾರ್ಡ್ ಅಂತ ಹಾಕಿದ್ದಾಳೆ.

ಗುರುವಾರ ಹೊಸ ಸೆಟ್ ಬರ್ತದೆ. ಹಳೇ ಕಾರ್ಡಲ್ಲೇ ಹೊಸ ಡೆಕ್ಕಿಗೆ ಎದುರು ನಿಲ್ಲುದು ಹೇಗೆ ಅಂತ ಯಾರಿಗಾದ್ರೂ ಅನುಭವ ಇದ್ರೆ ಹೇಳಿ, ಯಾವ ಗೇಮಿನದ್ದಾದ್ರೂ ಆದೀತು.